ಕೊಬ್ಬರಿ ಗೋದಾಮಿನಲ್ಲಿ ರಷ್ಯಾದ ಹಿಮ

ರಷ್ಯಾದ ಹಳೆಯ ಕಾದಂಬರಿಗಳಿಂದ ತೆಗೆದ ಸಿನಿಮಾ ನೋಡುವಾಗಲೆಲ್ಲ ನನಗೆ ಕೊಬ್ಬರಿಯ ವಾಸನೆ ಬರುತ್ತದೆ. ಹೇಳಿಕೊಳ್ಳುವಂಥ ವಿಷಯವಲ್ಲ, ಆದರೂ ನಿಮ್ಮ ಹತ್ತಿರ ಮುಚ್ಚಿಟ್ಟು ಏನಾಗಬೇಕು? ಪರದೆಯ ಮೇಲೆ ಹಿಮ ಸುರಿಯುತ್ತಿರುತ್ತದೆ. ಗಂಟೆ ಕಟ್ಟಿದ ಕುದುರೆಗಳು ಮೂಗಿನಿಂದ ಹೊಗೆ ಬಿಡುತ್ತ ಓಡುತ್ತಿರುತ್ತವೆ. ತುಪ್ಪುಳಿನ ಕೋಟಿನಲ್ಲಿ ಮುಳುಗಿದ ಗಡ್ಡದ ಮುದುಕನೊಬ್ಬ ಬದುಕಿಗೆ ಅರ್ಥವುಂಟೇ ಎಂದು ಯಾರನ್ನೋ ಕೇಳುತ್ತಿರುತ್ತಾನೆ. ಅಕ್ಕಪಕ್ಕದವರು ಕರ್ಚೀಫು ಹುಡುಕುವ ಹೊತ್ತಿಗೆ ನನ್ನ ಮೂಗು ಮಾತ್ರ ತಿಪಟೂರಿನ ಪೇಟೆಬೀದಿಗೆ ಹೋಗಿ ನಿಂತಿರುತ್ತದೆ. ಎಣ್ಣೆ ಬಿಟ್ಟುಕೊಂಡ ಕೊಬ್ಬರಿ, ಬಿಸಿಲಿಗೆ ಕಾದ ಗೋಣಿಚೀಲ, ಜೊತೆಗೆ ಇಷ್ಟು ಕರಟದ ಧೂಳು.

ತಪ್ಪು ಮೂಗಿನದಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ಅಂಥ ಮೊದಲ ಸಿನಿಮಾವನ್ನು ನಾನು ನೋಡಿದ್ದೇ ನಮ್ಮಪ್ಪನ ಕೊಬ್ಬರಿ ಗೋದಾಮಿನಲ್ಲಿ. ನೋಡಿದ್ದಷ್ಟೇ ಅಲ್ಲ, ಅದನ್ನು ಪೇಟೆಯವರಿಗೆಲ್ಲ ಕನ್ನಡದಲ್ಲಿ ಒಪ್ಪಿಸಿದವಳೂ ನಾನೇ.

ಆಗ ವರ್ಷಕ್ಕೊಮ್ಮೆ ನಮ್ಮ ಕಾಲೇಜಿನ ಮುಂದೆ ಪುಸ್ತಕದ ವ್ಯಾನೊಂದು ಬಂದು ನಿಲ್ಲುತ್ತಿತ್ತು. ಗಟ್ಟಿ ರಟ್ಟು, ನುಣುಪು ಹಾಳೆ, ಕನ್ನಡದಲ್ಲೇ ಅಚ್ಚಾದ ರಷ್ಯನ್ ಕತೆಗಳು. ಒಂದು ಮಸಾಲೆ ದೋಸೆ ಬಿಟ್ಟರೆ ಒಂದು ಕಾದಂಬರಿ ಬರುತ್ತಿತ್ತು. ದೋಸೆಗಳನ್ನು ಬಿಟ್ಟೂ ಬಿಟ್ಟೂ ನಾನು ತೆಳ್ಳಗಾದೆ, ನನ್ನ ಕಪಾಟು ದಪ್ಪಗಾಯಿತು. ಓದುವುದೇನೂ ಸುಲಭವಿರಲಿಲ್ಲ. ಆ ಪುಸ್ತಕಗಳಲ್ಲಿ ಒಬ್ಬೊಬ್ಬರಿಗೂ ಮೂರು ಹೆಸರು. ಮೊದಲ ಪುಟದಲ್ಲಿ ಒಂದು ಹೆಸರಿಂದ ಒಳಗೆ ಬಂದವನು ಮೂರನೇ ಪುಟದಲ್ಲಿ ಅಪ್ಪನ ಹೆಸರು ಸೇರಿಸಿಕೊಂಡು ಉದ್ದವಾಗುತ್ತಾನೆ, ಹತ್ತನೇ ಪುಟದಲ್ಲಿ ಅವನ ತಾಯಿ ಇನ್ನೇನೋ ಮುದ್ದಿನ ಹೆಸರು ಹಿಡಿದು ಕರೆದು ಓದುವವರನ್ನು ದಾರಿ ತಪ್ಪಿಸುತ್ತಾಳೆ. ಬಹಳ ಜನ ಇಲ್ಲೇ ಪುಸ್ತಕ ಮಡಚಿಡುತ್ತಾರೆ. ನನಗೆ ಅಷ್ಟು ಕಷ್ಟವಾಗಲಿಲ್ಲ. ಶಾಲೆಯ ಹಾಜರಿಯಲ್ಲಿ ನಾನು ಗಿರಿಜಾಂಬ, ಅಪ್ಪನಿಗೆ ಗಿರಿಜ, ಅಜ್ಜಿಗೆ ಗಿಜ್ಜಿ, ಪೇಟೆಗೆ ಗೋದಾಮಿನವರ ಮಗಳು. ಇಷ್ಟನ್ನು ನಿಭಾಯಿಸಿದವಳಿಗೆ ರಷ್ಯನ್ನರು ಯಾವ ಲೆಕ್ಕ?

ಅಪ್ಪನ ಕಡೆಯ ಈ ಅಜ್ಜಿ ಸಂಪಿಗೆ ಎಂಬ ಹಳ್ಳಿಯವಳು. ಅಕ್ಷರ ಬಾರದು, ಕತೆ ಬರುತ್ತಿತ್ತು. ನನ್ನ ಮಾತಿನಲ್ಲಿ ಏನಾದರೂ ರುಚಿಯಿದ್ದರೆ ಅದು ಅವಳ ಒಗ್ಗರಣೆ. ನಾನು ಓದಿದ ರಷ್ಯನ್ ಕತೆಗಳನ್ನೆಲ್ಲ ಅವಳಿಗೆ ಹೇಳುತ್ತಿದ್ದೆ. ಅವಳ ಒಂದೇ ದೂರು: “ಇವ್ರು ಬರೀ ಟೀ ಕುಡೀತಾರಲ್ಲೇ ಗಿಜ್ಜಿ, ಉಣ್ಣೋದು ಯಾವಾಗ?”

ಇನ್ನು ನನ್ನ ಸಂಕಟ. ಬಿ.ಎ. ಮುಗಿದಿತ್ತು. ಮೈಸೂರಿಗೆ ಹೋಗಿ ಎಂ.ಎ. ಓದಬೇಕೆಂದು ನನಗೆ ಹಟ. ಅಪ್ಪ ಬೇಡ ಅನ್ನಲಿಲ್ಲ. ಬೇಡ ಅಂದಿದ್ದರೆ ಅತ್ತೋ ಉಪವಾಸ ಕೂತೋ ಜಗಳವಾಡಬಹುದಿತ್ತು. ಅಪ್ಪ ಅಂದದ್ದು, “ಕಾಯಿ ಕೀಳ್ಸಿ ಆಗ್ಲಿ, ನೋಡೋಣ ಬುಡು.”

ತೆಂಗಿನ ಸೀಮೆಯವರಲ್ಲದವರಿಗೆ ಈ ಮಾತಿನ ಆಳ ತಿಳಿಯದು. ರಾಗಿಯಾದರೆ ಕೊಯ್ದರು, ಒಕ್ಕಿದರು, ಮುಗಿಯಿತು. ತೆಂಗಿನ ಮರದಲ್ಲಿ ಒಂದೇ ಹೊತ್ತಿಗೆ ಹೊಂಬಾಳೆ ಇರುತ್ತದೆ, ಎಳನೀರಿರುತ್ತದೆ, ಬಲಿತ ಕಾಯಿಯಿರುತ್ತದೆ. ಒಂದು ಕೊಯ್ಲು ಮುಗಿಯುವುದರೊಳಗೆ ಇನ್ನೊಂದು ಮೇಲೆ ನೇತಾಡುತ್ತಿರುತ್ತದೆ. ಕಿತ್ತ ಕಾಯಿಯನ್ನಾದರೂ ಮಾರಿ ಕೈತೊಳೆದುಕೊಳ್ಳುವಂತಿಲ್ಲ. ಅಟ್ಟಕ್ಕೆ ಹಾಕಿ, ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗುಡುಗುಡು ಅನ್ನುವವರೆಗೆ ಹೆಚ್ಚುಕಡಿಮೆ ಒಂದು ವರ್ಷ ಕಾಯಬೇಕು. ಹಾಗಾಗಿ ನಮ್ಮ ಕಡೆ ‘ಕಾಯಿ ಕೀಳಿಸಿ ಆಗಲಿ’ ಅಂದರೆ ಯಾರ ಮನಸ್ಸನ್ನೂ ನೋಯಿಸದೆ ‘ಎಂದಿಗೂ ಇಲ್ಲ’ ಅಂದಂತೆ. ಅಪ್ಪ ಕೆಟ್ಟವರಲ್ಲ, ಮಗಳನ್ನು ಕಳಿಸಲು ಮನಸ್ಸಿರಲಿಲ್ಲ ಅಷ್ಟೆ. ಈ ಮಾತಿನಲ್ಲಿ ಒಂದು ವರ್ಷ ಆಗಲೇ ಕಳೆದಿತ್ತು. ಎರಡನೆಯ ವರ್ಷದ ಅರ್ಜಿಯ ಗಡುವು ಹತ್ತಿರ ಬರುತ್ತಿತ್ತು.

ಇಂಥ ಹೊತ್ತಿನಲ್ಲಿ ನಮ್ಮ ಇಂಗ್ಲಿಷ್ ಮೇಷ್ಟ್ರಿಗೆ ಊರಿಗೆ ಒಳ್ಳೆಯ ಸಿನಿಮಾ ತೋರಿಸುವ ಹುಚ್ಚು ಹತ್ತಿತು. ಬೆಂಗಳೂರಿನಿಂದ ರೈಲಿನಲ್ಲಿ ಒಂದು ರಷ್ಯನ್ ಸಿನಿಮಾದ ಡಬ್ಬಿಗಳೂ ಒಂದು ಪುಟ್ಟ ಪ್ರೊಜೆಕ್ಟರೂ ಬಂದವು. ಟಾಕೀಸಿನಲ್ಲಿ ಜಾಗ ಸಿಗಲಿಲ್ಲ. ಅಲ್ಲಿ ಕತ್ತಿವರಸೆಯ ಸಿನಿಮಾ ಭರ್ಜರಿ ಓಡುತ್ತಿತ್ತು. ಭಾನುವಾರದ ಮಟಮಟ ಮಧ್ಯಾಹ್ನ ಕತ್ತಲಿರುವ ಜಾಗ ತಿಪಟೂರಿನಲ್ಲಿ ಎಲ್ಲಿದೆ? ಕೊಬ್ಬರಿ ಗೋದಾಮಿನಲ್ಲಿದೆ. ಮೇಷ್ಟ್ರು ಕೇಳಿದರು, ಅಪ್ಪ ಒಪ್ಪಿದರು. ಸಿನಿಮಾದ ಮೇಲಿನ ಪ್ರೀತಿಯಿಂದಲ್ಲ, ಮೇಷ್ಟ್ರ ಮೇಲಿನ ದಾಕ್ಷಿಣ್ಯದಿಂದ. ಕೊಬ್ಬರಿ ರಾಶಿಯ ಪಕ್ಕದಲ್ಲಿ ಯಾರೂ ಬೀಡಿ ಹಚ್ಚದ ಹಾಗೆ ನೋಡಿಕೊಳ್ಳಲು ತಾವೇ ಟಾರ್ಚು ಹಿಡಿದು ಬಾಗಿಲಲ್ಲಿ ನಿಂತರು.

ಬಂದವರು ಬಹುಪಾಲು ಪೇಟೆಯ ಕೊಬ್ಬರಿ ವ್ಯಾಪಾರಿಗಳು, ಅವರ ಮನೆಯವರು. ಮುಂದಿನ ಗೋಣಿಚೀಲದ ಮೇಲೆ ಅಜ್ಜಿ. ಅವಳ ಹಿಂದೆ ಗುರುಸಿದ್ದಣ್ಣ, ಅಪ್ಪನ ಬಾಲ್ಯದ ಗೆಳೆಯ, ಎದುರಂಗಡಿಯವರು, ನಾನು ಕರೆಯುತ್ತಿದ್ದದ್ದು ದೊಡ್ಡಪ್ಪ ಎಂದು. ಅವರ ಬಾಯಿ ಸಾಮಾನ್ಯವಾಗಿ ಅವರಿಗಿಂತ ಮುಂಚೆ ಒಳಗೆ ಬರುತ್ತಿತ್ತು.

ಮಾತು ರಷ್ಯನ್, ಅಡಿಯಲ್ಲಿ ಇಂಗ್ಲಿಷ್ ಅಕ್ಷರ. ಮೇಷ್ಟ್ರು ಪರದೆಯ ಪಕ್ಕ ನಿಂತು ವಿವರಿಸತೊಡಗಿದರು: “ಈ ಕೃತಿಯು ಊಳಿಗಮಾನ್ಯ ವ್ಯವಸ್ಥೆಯ ಅವನತಿಯನ್ನು...”

“ಮೇಷ್ಟ್ರೇ, ಪಾಠ ಬ್ಯಾಡಿ, ಕತೆ ಹೇಳಿ!” ಅಂದರು ಗುರುಸಿದ್ದಣ್ಣ.

ಮೇಷ್ಟ್ರು ಬೆವರು ಒರೆಸಿಕೊಂಡು ನನ್ನತ್ತ ನೋಡಿದರು. ಆ ಕಾದಂಬರಿ ನಾನು ಓದಿದ್ದೇನೆಂದು ಅವರಿಗೆ ಗೊತ್ತಿತ್ತು. “ಬಾರಮ್ಮ, ನೀನೇ ಹೇಳು” ಅಂದುಬಿಟ್ಟರು. ಮೂಡಲಪಾಯದ ಆಟದಲ್ಲಿ ವೇಷಗಳ ಹಿಂದೆ ಭಾಗವತ ನಿಂತಿರುತ್ತಾನಲ್ಲ, ಹಾಗೆ ನಾನು ರಷ್ಯಾದ ಪಕ್ಕ ನಿಂತೆ.

ಕತೆ ಸಣ್ಣದು. ಹಳ್ಳಿಯ ದೊಡ್ಡ ಮನೆಯ ಜಮೀನ್ದಾರ, ಅವನಿಗೊಬ್ಬಳೇ ಮಗಳು. ಅವಳಿಗೆ ಪಟ್ಟಣಕ್ಕೆ ಹೋಗಿ ಸಂಗೀತ ಕಲಿಯುವಾಸೆ. ಕಾಡು ಅಳೆಯಲು ಒಬ್ಬ ತರುಣ ಬರುತ್ತಾನೆ, ಅಳೆಯುತ್ತಾನೆ, ಹೋಗುತ್ತಾನೆ. ಅವಳು ಕಿಟಕಿಯ ಪಕ್ಕ ಕೂತು ಹೊರಗೆ ನೋಡುತ್ತಾಳೆ. ಅವಳ ಹೆಸರು ಅರ್ಧ ಗಜ ಉದ್ದವಿತ್ತು. ಗೋದಾಮು ಅದನ್ನು ಕತ್ತರಿಸಿ ‘ಕಿಟಕಿ ಹುಡುಗಿ’ ಅಂತ ನಾಮಕರಣ ಮಾಡಿತು.

ಮೊದಲ ತೊಡಕು ಹಿಮ. ಪರದೆ ತುಂಬ ಬಿಳುಪು ಕಂಡದ್ದೇ ಗುರುಸಿದ್ದಣ್ಣ, “ಏನ್ಲಾ ಇದು, ಅಮ್ಮಸಂದ್ರದಿಂದ ಬರೋ ಲಾರೀಲಿ ಸಿಮೆಂಟ್ ಮೂಟೆ ಒಡೆದಂಗೈತೆ!” ಅಂದರು. ಹಿಮ ನಾನೂ ಕಂಡವಳಲ್ಲ. “ಕಾಯಿತುರಿ ಉದುರಿದ ಹಾಗೆ ದೊಡ್ಡಪ್ಪ, ಆದರೆ ತಣ್ಣಗೆ” ಅಂದೆ. ಎಲ್ಲರಿಗೂ ಒಪ್ಪಿಗೆಯಾಯಿತು. ಅಲ್ಲಿಂದ ನನಗೆ ದಾರಿ ಸಿಕ್ಕಿತು. ಟೀ ಕಾಯಿಸುವ ಹಿತ್ತಾಳೆಯ ಪಾತ್ರೆ ಬಚ್ಚಲ ಹಂಡೆಯಾಯಿತು, ಹಿಮದ ಮೇಲೆ ಜಾರುವ ಬಂಡಿ ಚಕ್ರವಿಲ್ಲದ ಜಟಕಾ ಆಯಿತು. ಮರದ ಮನೆಯೊಳಗೆ ಒಲೆ ಧಗಧಗ ಉರಿಯುವುದನ್ನು ಕಂಡು ಅಪ್ಪ ಮಾತ್ರ ಬಾಗಿಲಿಂದಲೇ ಚಡಪಡಿಸಿದರು: “ಮರದ ಮನೇಲಿ ಇಷ್ಟೊಂದು ಬೆಂಕಿ ಯಾಕಮ್ಮ ಹಾಕ್ತಾರೆ? ಹೇಳೋರು ಕೇಳೋರು ಇಲ್ವಾ?”

ಆಮೇಲೆ ಪ್ರೇಮದ ದೃಶ್ಯ ಬಂತು. ಓದಿದವಳಾದ್ದರಿಂದ ಅದು ಬರುತ್ತದೆಂದು ನನಗೆ ಗೊತ್ತಿತ್ತು. ಆ ತರುಣ, ಆ ಹುಡುಗಿ ಬಂಡಿಯಲ್ಲಿ ಪಕ್ಕಪಕ್ಕ ಕೂತಿದ್ದಾರೆ. ಮಂಡಿಯ ಮೇಲೆ ಕರಡಿ ಚರ್ಮದ ಹೊದಿಕೆ. ಅವನ ಕೈ ನಿಧಾನವಾಗಿ ಹೊದಿಕೆಯ ಕೆಳಗೆ ಹೋಗುತ್ತದೆ. ಅವಳ ಕೈಯೂ ಹೋಗುತ್ತದೆ. ಇಬ್ಬರೂ ಒಬ್ಬರನ್ನೊಬ್ಬರು ನೋಡುವುದಿಲ್ಲ. ಗಂಭೀರವಾಗಿ ಎದುರಿನ ರಸ್ತೆ ನೋಡುತ್ತಾರೆ. ಅಪ್ಪ, ಅಜ್ಜಿ, ಪೇಟೆಯ ದೊಡ್ಡವರೆಲ್ಲ ಕೂತಿರುವಾಗ ಮದುವೆಯಾಗದ ಹುಡುಗಿ ನಾನು ಇದನ್ನು ಯಾವ ಬಾಯಿಂದ ವಿವರಿಸಲಿ?

ಗುರುಸಿದ್ದಣ್ಣ ಕಾಪಾಡಿದರು. “ಗಿರಿಜಮ್ಮ, ಎಷ್ಟಕ್ಕೆ ಕುದುರ್ತು?” ಅಂತ ಕೂಗಿದರು.

ಅವರು ತಮಾಷೆ ಮಾಡಲಿಲ್ಲ, ನಿಜವಾಗಿ ಕೇಳಿದರು. ಆ ಕಾಲದಲ್ಲಿ ನಮ್ಮ ಹಳೆಯ ವ್ಯಾಪಾರಿಗಳು ಬಾಯಿಬಿಟ್ಟು ಬೆಲೆ ಹೇಳುತ್ತಿರಲಿಲ್ಲ. ಕೊಡುವವನು, ಕೊಳ್ಳುವವನು ಇಬ್ಬರೂ ಒಂದು ಟವಲ್ಲಿನ ಕೆಳಗೆ ಕೈ ಸೇರಿಸುತ್ತಿದ್ದರು. ಬೆರಳು ಹಿಡಿದರೆ ಒಂದು ಅರ್ಥ, ಗೆಣ್ಣು ಒತ್ತಿದರೆ ಇನ್ನೊಂದು. ಸುತ್ತಲಿನವರಿಗೆ ಏನೂ ತಿಳಿಯಬಾರದು. ಆದ್ದರಿಂದ ಮುಖ ಕಲ್ಲಿನಂತಿರಬೇಕು, ಕಣ್ಣು ಬೇರೆಲ್ಲೋ ಇರಬೇಕು. ಈ ಶಾಸ್ತ್ರ ಬಲ್ಲವರಿಗೆ ಪರದೆಯ ಮೇಲೆ ಕಂಡದ್ದೇನು? ಹೊದಿಕೆಯ ಕೆಳಗೆ ಕೈ, ಕಲ್ಲಿನಂಥ ಮುಖ, ರಸ್ತೆಯ ಕಡೆ ಕಣ್ಣು. ಅಪ್ಪಟ ವ್ಯಾಪಾರ.

“ಹುಡುಗಿ ಗಟ್ಟಿಗಿತ್ತಿ ಕಣ್ಲಾ, ಮುಖದಾಗೆ ಏನೂ ತೋರಿಸ್ತಿಲ್ಲ” ಅಂತ ಹಿಂದಿನಿಂದ ಯಾರೋ ಮೆಚ್ಚಿಕೊಂಡರು.

“ಇನ್ನೂ ಕುದುರಿಲ್ಲ ದೊಡ್ಡಪ್ಪ” ಅಂದು ನಾನು ಪಾರಾದೆ. ಮೇಷ್ಟ್ರು ಕತ್ತಲಲ್ಲಿ ತಲೆ ಚಚ್ಚಿಕೊಂಡಿರಬೇಕು. ಆದರೆ ಆಮೇಲೆ ಯೋಚಿಸಿದರೆ ಗುರುಸಿದ್ದಣ್ಣ ತೀರಾ ತಪ್ಪು ಹೇಳಿದರು ಅನ್ನಿಸುವುದಿಲ್ಲ. ಇಬ್ಬರು ಮನಸ್ಸಿನಲ್ಲಿ ಏನಿದೆಯೆಂದು ಬಾಯಿಬಿಡಲಾರದೆ ಬೆರಳಿನಲ್ಲಿ ಹೇಳುತ್ತಾರೆ. ಲೋಕಕ್ಕೆ ತಿಳಿಯಬಾರದೆಂದು ರಸ್ತೆ ನೋಡುತ್ತಾರೆ. ಆ ದೃಶ್ಯದ ಬಗ್ಗೆ ಇದಕ್ಕಿಂತ ಒಳ್ಳೆಯ ವಿಮರ್ಶೆ ನಾನು ಎಲ್ಲೂ ಓದಿಲ್ಲ.

ಈಗ ಮುಖ್ಯ ಘಟ್ಟಕ್ಕೆ ಬಂದೆ. ಹುಡುಗಿ ಮೂರು ಸಲ ಅಪ್ಪನ ಮುಂದೆ ನಿಂತು, ಪಟ್ಟಣಕ್ಕೆ ಕಳಿಸು ಎಂದು ಕೇಳುತ್ತಾಳೆ. ಮೊದಲ ಸಲ ಆ ಜಮೀನ್ದಾರ ಟೀ ಹೀರುತ್ತ ಹಿಮ ಕರಗಲಿ ಅನ್ನುತ್ತಾನೆ. ನಾನು ಹಾಗೆಯೇ ಹೇಳಿದೆ.

“ಹಿಮ ಕರಗೋದು ಅಂದ್ರೆ ಯಾವಾಗ್ಲೇ ಗಿಜ್ಜಿ?” ಅಂದಳು ಅಜ್ಜಿ.

ಅಷ್ಟರಲ್ಲಿ ಕತೆ ಮುಂದೆ ಓಡಿತು. ಎರಡನೆಯ ಸಲ ಅವಳು ಕೇಳಿದಳು. ಮುದುಕ ಗಡ್ಡ ನೀವಿಕೊಂಡು ಬಿತ್ತನೆಯ ವಿಷಯವೋ ಕೊಯ್ಲಿನ ವಿಷಯವೋ ಏನೋ ಅಂದ. ಇಂಗ್ಲಿಷ್ ಅಕ್ಷರಗಳು ಬಂದಷ್ಟೇ ಬೇಗ ಹೋಗಿಬಿಟ್ಟವು. ಅಜ್ಜಿ ಕತ್ತೆತ್ತಿ ನನ್ನನ್ನೇ ನೋಡುತ್ತಿದ್ದಳು. ಹಂಡೆ, ಜಟಕಾ, ಕಾಯಿತುರಿ ಎಂದು ಎಲ್ಲವನ್ನೂ ನಮ್ಮೂರಿಗೆ ತಂದು ರೂಢಿಯಾಗಿದ್ದ ನಾಲಗೆ ಇದನ್ನೂ ತಂದುಬಿಟ್ಟಿತು: “ಕಾಯಿ ಕೀಳ್ಸಿ ಆಗ್ಲಿ, ನೋಡೋಣ ಬುಡು.”

ಮಾತಷ್ಟೇ ಆಗಿದ್ದರೆ ನಡೆಯುತ್ತಿತ್ತೇನೋ. ಆ ‘ಬುಡು’ ಅನ್ನುವಲ್ಲಿ ಅಪ್ಪ ಎಳೆಯುವ ಎಳೆತವೂ ಬಂದುಬಿಟ್ಟಿತ್ತು. ಪೇಟೆಯಲ್ಲಿ ಆ ಎಳೆತ ಕೇಳದ ಕಿವಿಯಿರಲಿಲ್ಲ.

ಮೊದಲು ಗುರುಸಿದ್ದಣ್ಣನ ನಗು ಸಿಡಿಯಿತು. ಅದರ ಹಿಂದೆ ಇಡೀ ಗೋದಾಮು. ತಲೆಗಳೆಲ್ಲ ಪರದೆ ಬಿಟ್ಟು ಬಾಗಿಲ ಕಡೆ ತಿರುಗಿದವು. ಅಲ್ಲಿ ಅಪ್ಪನ ಕೈಯ ಟಾರ್ಚು ಯಾಕೋ ಹೊತ್ತಿಕೊಂಡು ಅವರ ಚಪ್ಪಲಿಯನ್ನಷ್ಟೇ ಬೆಳಗುತ್ತಿತ್ತು. ಮುಖ ಕಾಣಲಿಲ್ಲ. ಮೈಸೂರು ಮುಗಿಯಿತು ಅಂದುಕೊಂಡೆ. ಪೇಟೆಯ ಮುಂದೆ ಅಪ್ಪನನ್ನು ನಗೆಪಾಟಲು ಮಾಡಿದ ಮಗಳನ್ನು ಯಾವ ಅಪ್ಪ ಓದಲು ಕಳಿಸುತ್ತಾನೆ?

ಮೂರನೆಯ ಸಲ ಆ ಹುಡುಗಿ ಬಂದು ನಿಂತಳು. ಬೇಡಮ್ಮ, ಕೇಳಬೇಡ ಅಂತ ನಾನು ಮನಸ್ಸಿನಲ್ಲೇ ಕೈಮುಗಿದೆ. ಕೇಳಿದಳು. ಜಮೀನ್ದಾರ ಬಾಯಿ ತೆರೆದನೋ ಇಲ್ಲವೋ, ನಾನು ತುಟಿ ಎರಡು ಮಾಡುವ ಮೊದಲೇ ಇಡೀ ಗೋದಾಮು ಒಕ್ಕೊರಲಿನಲ್ಲಿ ಕೂಗಿತು:

“ಕಾಯಿ ಕೀಳ್ಸಿ ಆಗ್ಲಿ, ನೋಡೋಣ ಬುಡು!”

ಅಜ್ಜಿಯ ಧ್ವನಿ ಎಲ್ಲರಿಗಿಂತ ಜೋರಾಗಿತ್ತು.

ಕೊನೆಯ ದೃಶ್ಯದಲ್ಲಿ ಮತ್ತೆ ಹಿಮ. ಕಿಟಕಿಯ ಗಾಜಿನ ಹಿಂದೆ ಅವಳು ಕೂತಿದ್ದಾಳೆ. ಕೂದಲಲ್ಲಿ ಬಿಳಿ ಎಳೆ. ಗಾಜು ಮಂಜಾಗುತ್ತ ಆಗುತ್ತ ಮುಖ ಮಾಸಿಹೋಗುತ್ತದೆ. ಯಾರೂ ನಗಲಿಲ್ಲ. ಅಪ್ಪ ದೊಡ್ಡ ಬಾಗಿಲನ್ನು ದೂಡಿದಾಗ ಮಧ್ಯಾಹ್ನದ ಬಿಸಿಲು ಒಳಗೆ ನುಗ್ಗಿತು. ಎಲ್ಲರೂ ಕಣ್ಣು ಕಿರಿದು ಮಾಡಿಕೊಂಡು ರಷ್ಯಾದಿಂದ ಪೇಟೆಬೀದಿಗೆ ಇಳಿದರು.

ಕಾದಂಬರಿಯನ್ನು ಸಿನಿಮಾ ಮಾಡಿದರೆ ಕೆಟ್ಟುಹೋಗುತ್ತದೆ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕಾಯಿ ಕೊಬ್ಬರಿಯಾಗುವಾಗ ನೀರು ಹೋಗುತ್ತದೆ, ನಿಜ. ಆ ಪುಸ್ತಕದಲ್ಲಿ ಜಮೀನ್ದಾರನ ಅಜ್ಜನ ಕಾಲದ ವಿಷಯವಿತ್ತು, ಕಾಡಿನ ವರ್ಣನೆ ಪುಟಗಟ್ಟಲೆ ಇತ್ತು. ಸಿನಿಮಾದಲ್ಲಿ ಅದೆಲ್ಲ ಇಂಗಿಹೋಗಿತ್ತು. ಆದರೆ ತಿರುಳು ಚಿಪ್ಪು ಬಿಟ್ಟುಕೊಂಡಿತ್ತು. ನಾನೊಬ್ಬಳೇ ಕೂತು ಓದುವಾಗ ಸದ್ದು ಮಾಡದಿದ್ದ ಕತೆ, ನಮ್ಮ ಗೋದಾಮಿನ ಕತ್ತಲಲ್ಲಿ ಪೇಟೆಯವರು ಸೇರಿ ಅಲ್ಲಾಡಿಸಿದಾಗ ಗುಡುಗುಡು ಅಂದಿತು.

ಅಪ್ಪ ಆ ದಿನ ಮಾತಾಡಲಿಲ್ಲ. ಮರುದಿನವೂ ಇಲ್ಲ. ಅವ್ವ ನನ್ನನ್ನು ನೋಡಿದಾಗಲೆಲ್ಲ “ನಿನ್ನ ನಾಲಗೇಗೆ ಬೆಂಕಿ ಹಾಕ” ಅನ್ನುತ್ತಿದ್ದಳು, ತುಟಿಯಂಚಿನಲ್ಲಿ ನಗುತ್ತಲೂ ಇದ್ದಳು. ಅದರ ಮಾರನೆಯ ದಿನ ಊಟಕ್ಕೆ ಕೂತಾಗ ಅಪ್ಪ ಮುದ್ದೆ ಮುರಿಯುತ್ತ, ತಟ್ಟೆಯನ್ನೇ ನೋಡುತ್ತ ಕೇಳಿದರು:

“ಆ ಕಿಟಕಿ ಹುಡುಗಿ ಕೊನೇಗೆ ಏನಾದ್ಲು?”

“ಅಲ್ಲೇ ಕೂತಿದ್ಲಲ್ಲ ಅಪ್ಪ. ಅಷ್ಟೆ.”

“ಪುಸ್ತಕದಾಗೂ ಅಷ್ಟೇನಾ?”

“ಪುಸ್ತಕದಲ್ಲೂ ಅಷ್ಟೆ.”

“ಅದಕ್ಕೆ ಇನ್ನೊಂದು ಭಾಗ ಇಲ್ವಾ?”

“ಇಲ್ಲ ಅಪ್ಪ.”

ಸಾರು ಹಾಕಿಸಿಕೊಂಡರು. ಮುದ್ದೆ ಅದ್ದುತ್ತ, “ಅಷ್ಟು ದೊಡ್ಡ ಮನೇಲಿ ಒಂದು ಹುಡುಗೀನ ಸುಮ್ನೆ ಕೂರಿಸಿ ಹಾಳು ಮಾಡಿದ್ನಲ್ಲ, ಅವ್ನಿಗೆ ಬುದ್ಧಿ ಹೇಳೋರು ಯಾರೂ ಇರ್ಲಿಲ್ವಾ?” ಅಂದರು.

ಎಲೆಅಡಿಕೆ ಕುಟ್ಟುತ್ತಿದ್ದ ಅಜ್ಜಿ ಕೈ ನಿಲ್ಲಿಸದೆ ಅಂದಳು: “ಹೇಳಿದ್ರೆ ಕೇಳೋನಾ ಮಗಾ, ಅವ್ನು? ಕಾಯಿ ಕೀಳ್ಸೋದ್ರಾಗೆ ಇದ್ನಲ್ಲ.”

ಅಪ್ಪ ಕೈತೊಳೆದು ಎದ್ದರು. ಟವಲ್ಲು ಹೆಗಲಿಗೆ ಹಾಕಿಕೊಂಡು ಹೊಸ್ತಿಲು ದಾಟಿದವರು, ಬೀದಿಗೆ ಮುಖ ಮಾಡಿಕೊಂಡೇ ಕೇಳಿದರು: “ಮೈಸೂರಿಗೆ ಅರ್ಜಿ ಯಾವತ್ತು ಕಡೇ ದಿನ?”

ಮೈಸೂರಿನಲ್ಲಿ ಅದೇ ಸಿನಿಮಾವನ್ನು ಇನ್ನೊಮ್ಮೆ ನೋಡಿದೆ. ಸರಿಯಾದ ಥಿಯೇಟರು, ಮೆತ್ತನೆಯ ಕುರ್ಚಿ, ಸುತ್ತಲೂ ಜುಬ್ಬಾ ತೊಟ್ಟ ಬುದ್ಧಿವಂತರು. ಹೊದಿಕೆಯ ಕೆಳಗೆ ಕೈ ಹೋದಾಗ ಎಲ್ಲರೂ ಉಸಿರು ಬಿಗಿಹಿಡಿದಿದ್ದರು, ನಾನೊಬ್ಬಳೇ ಫಕ್ಕನೆ ನಕ್ಕೆ. ಪಕ್ಕದವರು ನನ್ನನ್ನು ನೋಡಿದ ನೋಟಕ್ಕೆ ಕೊನೆಯವರೆಗೂ ತಲೆ ಎತ್ತಲಿಲ್ಲ. ಆದರೆ ನಾನು ನಕ್ಕದ್ದು ಗುರುಸಿದ್ದಣ್ಣನ ಮಾತು ನೆನೆದು ಮಾತ್ರವಲ್ಲ.

ನಾನು ಮೈಸೂರಿಗೆ ಹೊರಟ ದಿನ ತೋಟದಲ್ಲಿ ಕಾಯಿ ಕೀಳುತ್ತಿದ್ದರು. ಕೀಳುವವರನ್ನು ಮರದ ಮೇಲೆ ಬಿಟ್ಟು ಅಪ್ಪ ಬಸ್ ಸ್ಟ್ಯಾಂಡಿಗೆ ಬಂದಿದ್ದರು. ಜೊತೆಯಲ್ಲಿ ಗುರುಸಿದ್ದಣ್ಣ. ನಾನು ಕಿಟಕಿಯ ಪಕ್ಕ ಕೂತಿದ್ದೆ. ಈ ಕಿಟಕಿ ಓಡುವಂಥದ್ದು.

“ಕಾಯಿ ಕೀಳ್ಸೋದು ಬಿಟ್ಟು ಬಂದಿದೀಯಲ್ಲ ಅಪ್ಪ” ಅಂದೆ.

“ಮರದಾಗೇ ಇರ್ತಾವೆ ಬುಡು” ಅಂದರು.

ಡ್ರೈವರು ಎಂಜಿನ್ ಶುರು ಮಾಡಿದ. ಅಪ್ಪ ಹೆಗಲ ಮೇಲಿನ ಟವಲ್ಲು ತೆಗೆದು ಬಸ್ಸಿನ ಕಿಟಕಿಯ ಅಂಚಿನ ಮೇಲೆ ಹರಡಿ, ಅದರ ಕೆಳಗೆ ಕೈ ಚಾಚಿದರು. ದೊಡ್ಡವಳಾದ ಮೇಲೆ ನನ್ನ ಕೈ ಹಿಡಿದವರಲ್ಲ ಅವರು, ನಾಲ್ಕು ಜನರ ಮುಂದೆ ಹಿಡಿಯುವ ರೂಢಿಯೂ ನಮ್ಮಲ್ಲಿಲ್ಲ. ನಾನೂ ಟವಲ್ಲಿನ ಕೆಳಗೆ ಕೈ ಇಟ್ಟೆ. ಅಪ್ಪ ಹಿಂದಿನ ಸೀಟಿನ ಕಡೆ ನೋಡುತ್ತಿದ್ದರು, ನಾನು ಎದುರಿನ ಹೋಟೆಲಿನ ಬೋರ್ಡು ಓದುತ್ತಿದ್ದೆ. ಕಲ್ಲಿನಂಥ ಮುಖ ಮಾಡಲು ನೋಡಿದೆ, ಸರಿಯಾಗಿ ಬರಲಿಲ್ಲ. ಒಂದು ಬೆರಳು ಒತ್ತಿದರು. ಆಮೇಲೆ ಇನ್ನೊಂದು. ಆಮೇಲೆ ಇಡೀ ಕೈಯನ್ನು.

“ಎಷ್ಟಕ್ಕೆ ಕುದುರ್ತ್ಲಾ?” ಅಂದರು ಗುರುಸಿದ್ದಣ್ಣ.

“ಟವಲ್ ಕೆಳಗಿನ ಮಾತು ಮೂರನೇವ್ರಿಗೆ ಹೇಳ್ತಾರೇನ್ಲಾ?” ಅಂದರು ಅಪ್ಪ. ಟವಲ್ಲು ಎಳೆದುಕೊಂಡು ಮುಖ ಒರೆಸಿಕೊಂಡರು. ಬಸ್ಸು ಹೊರಟಿತು.

ನಾನೂ ವ್ಯಾಪಾರಸ್ಥರ ಮನೆಯ ಮಗಳು. ನಿಮಗೆ ಇಷ್ಟೆಲ್ಲ ಹೇಳಿದ್ದೇನೆ. ಎಷ್ಟಕ್ಕೆ ಕುದುರಿತು ಅನ್ನುವುದೊಂದನ್ನು ಮಾತ್ರ ಕೇಳಬೇಡಿ.